ಗೃಹನಿರ್ಮಾಣ ಮತ್ತು ಅಂಗಳದ ವೃಕ್ಷ

ಕಾರ್ಕಳದ ಸಮೀಪದ ಶ್ರಾವಕ ಕುಟುಂಬವೊಂದರ ಹಿರಿಯ ಮಗ ಹಳೆಯ ಮನೆಯ ಪಕ್ಕದಲ್ಲಿಯೇ ಹೊಸ ಮನೆ ಕಟ್ಟಿಸಿದರು. ನಿವೇಶನವು ರಸ್ತೆಗಿಂತ 3 ಅಡಿ ತಗ್ಗಿನಲ್ಲಿದ್ದುದರಿಂದ ಲಾರಿಗಳಲ್ಲಿ ಕೆಂಪು ಮಣ್ಣು ತರಿಸಿ ಅಂಗಳವನ್ನೆಲ್ಲ ಏರಿಸಲಾಯಿತು. ಅಲ್ಲಿ ಅಜ್ಜನ ಕಾಲದ ಮಾವಿನ ಮರವೊಂದಿತ್ತು. ಅದನ್ನು ಕಡಿಯಬಾರದೆಂದು ಮನೆಯವರೆಲ್ಲ ಒಮ್ಮತದಿಂದ ನಿಶ್ಚಯಿಸಿದ್ದರು. ಏರಿಸಿದ ಮಣ್ಣಿನ ಮೇಲೆ ಬುಡಕ್ಕೊಂದು ಅಂದವಾದ ಕಟ್ಟೆಯನ್ನೂ ಕಟ್ಟಿಸಿದರು. ಮೊದಲ ವರ್ಷ ಮರ ಎಂದಿನಂತೆ ಚಿಗುರಿತು. ಎರಡನೆಯ ವರ್ಷ ಎಲೆಗಳು ಸಣ್ಣವಾದವು. ಮೂರನೆಯ ವರ್ಷ ತುದಿಯ ಕೊಂಬೆಗಳು ಒಣಗಿದವು. ನಾಲ್ಕನೆಯ ಬೇಸಿಗೆಯಲ್ಲಿ ಉಳಿದದ್ದು ಕಟ್ಟೆ ಮಾತ್ರ. ರೋಗವೆಂದರು ಕೆಲವರು, ದೃಷ್ಟಿ ತಗಲಿತೆಂದರು ಮತ್ತೆ ಕೆಲವರು.

ಮರವು ಉಸಿರುಕಟ್ಟಿ ಸತ್ತಿತ್ತು. ದೊಡ್ಡ ಮರದ ಬೇರುಗಳೆಲ್ಲ ಪಾತಾಳಕ್ಕಿಳಿದಿರುತ್ತವೆಂದು ಜನರು ಭಾವಿಸುತ್ತಾರೆ. ಆದರೆ ನೀರನ್ನೂ ಸಾರವನ್ನೂ ಹೀರುವ ಎಳೆಬೇರುಗಳಲ್ಲಿ ಬಹುಪಾಲು ಮೇಲಿನ ಎರಡು ಅಡಿ ಮಣ್ಣಿನಲ್ಲಿಯೇ ಇದ್ದು, ಕೊಂಬೆಗಳ ನೆರಳನ್ನೂ ದಾಟಿ ದೂರಕ್ಕೆ ಹರಡಿರುತ್ತವೆ. ಅವುಗಳಿಗೆ ಗಾಳಿ ಬೇಕು. ಮೇಲೆ ಮಣ್ಣು ಹೇರಿ ಲಾರಿ ಓಡಿಸಿದರೆ ಗಾಳಿಯ ಸಂಚಾರ ನಿಲ್ಲುತ್ತದೆ, ಹೂತ ತೊಗಟೆ ಕೊಳೆಯತೊಡಗುತ್ತದೆ. ನೆಲವನ್ನು ತಗ್ಗಿಸುವುದೂ ಅಪಾಯವೇ. ಅರ್ಧ ಅಡಿ ಕೆರೆದು ತೆಗೆದರೂ ಎಷ್ಟೋ ಎಳೆಬೇರುಗಳು ಮಣ್ಣಿನೊಡನೆಯೇ ಹೋಗುತ್ತವೆ. ಪರಿಣಾಮ ಕಾಣಿಸಿಕೊಳ್ಳಲು ಹಲವು ವರ್ಷಗಳು ಬೇಕಾಗುವುದರಿಂದ ಕಾರಣವು ಯಾರಿಗೂ ನೆನಪಾಗುವುದಿಲ್ಲ.

ಆ ಮನೆಯಲ್ಲಿ ನೀರನ್ನು ಸೋಸಿಯೇ ಕುಡಿಯುತ್ತಾರೆ. ಸೂರ್ಯಾಸ್ತದ ಬಳಿಕ ಉಣ್ಣುವುದಿಲ್ಲ. ವನಸ್ಪತಿಯು ಸ್ಪರ್ಶೇಂದ್ರಿಯವುಳ್ಳ ಜೀವವೆಂಬುದು ಮಕ್ಕಳಿಗೂ ತಿಳಿದಿದೆ. ಮನೆ ಕಟ್ಟುವಾಗ ಆಗುವುದು ಆರಂಭೀ ಹಿಂಸೆ, ಗೃಹಸ್ಥನಿಗೆ ಅದನ್ನು ಪೂರ್ಣವಾಗಿ ತಪ್ಪಿಸಲಾಗದು ಎಂದು ಸಮಾಧಾನ ತಂದುಕೊಳ್ಳಬಹುದಿತ್ತು. ಆದರೆ ನಿಷ್ಪ್ರಯೋಜನವಾಗಿ ಭೂಮಿಯನ್ನು ಅಗೆಯುವುದನ್ನೂ ಸಸ್ಯಗಳನ್ನು ಘಾತಿಸುವುದನ್ನೂ ಆಚಾರ್ಯರು ಅನರ್ಥದಂಡದ ಪ್ರಮಾದಚರ್ಯೆಯಲ್ಲಿ ಎಣಿಸಿದ್ದಾರಲ್ಲ! ಮನೆಯ ತಳಪಾಯವನ್ನು ಎತ್ತರಿಸುವುದು ಅವಶ್ಯವಾಗಿತ್ತು. ಅಂಗಳವನ್ನೆಲ್ಲ ರಸ್ತೆಯ ಮಟ್ಟಕ್ಕೆ ತಂದದ್ದು ನೋಟದ ಅಂದಕ್ಕಾಗಿ. ಬಸದಿಯ ಅಂಗಳದ ಮರಗಳ ಬುಡದವರೆಗೆ ಕಾಂಕ್ರೀಟು ಹಾಸಿಸುವ ಆಡಳಿತ ಮಂಡಳಿಗಳೂ ಈ ಭೇದವನ್ನು ಯೋಚಿಸಬೇಕಾಗಿದೆ.

ಕೆಲವು ವರ್ಷಗಳ ಬಳಿಕ ಕಿರಿಯ ಮಗ ಅದೇ ಹಿತ್ತಿಲಿನಲ್ಲಿ ಮನೆಗೆ ಕೈ ಹಾಕಿದಾಗ, ಅಲ್ಲೊಂದು ಹಲಸಿನ ಮರವಿತ್ತು. "ಮನೆಯನ್ನು ಬೇಕಾದಷ್ಟು ಎತ್ತರಿಸಿಕೋ ಮಗಾ, ಅಂಗಳವನ್ನು ಮುಟ್ಟಬೇಡ" ಎಂದರು ತಾಯಿ. ಬುಡದ ಸುತ್ತ ಬಾವಿಯಂತೆ ಗೋಡೆ ಕಟ್ಟಿ ಉಳಿದೆಡೆ ಮಣ್ಣು ತುಂಬಿದರೆ ಸಾಕೆಂದು ಮೇಸ್ತ್ರಿಗಳು ಸೂಚಿಸಿದರು. ಅದರಿಂದ ತೊಗಟೆ ಉಳಿದೀತು, ಆಚೆಗಿನ ಬೇರುಗಳು ಹೂತೇ ಹೋಗುತ್ತವೆ. ಕೊನೆಗೆ, ಜೆಸಿಬಿ ಬರುವ ಮೊದಲೇ ಕೊಂಬೆಗಳ ಹರವಿನಾಚೆ ಬಿದಿರಿನ ಬೇಲಿ ಹಾಕಲಾಯಿತು. ಸಿಮೆಂಟು ಕಲಸುವುದು, ಕಲ್ಲು ಪೇರಿಸುವುದು ಎಲ್ಲವೂ ಬೇಲಿಯ ಹೊರಗೆ. ಆವರಣದ ಗೋಡೆಗೆ ಉದ್ದಕ್ಕೂ ಪಾಯ ತೋಡದೆ, ದಪ್ಪ ಬೇರುಗಳನ್ನು ತಪ್ಪಿಸಿ ಕೈಯಿಂದಲೇ ಗುಂಡಿ ತೆಗೆದು, ಕಂಬ ನಿಲ್ಲಿಸಿ, ಮೇಲೆ ತೊಲೆ ಹಾಯಿಸಿದರು. ಹಲಸು ನಿಂತ ನೀರನ್ನು ಸಹಿಸದು. ಮಳೆಯ ನೀರು ಹರಿದುಹೋಗಲು ಬೇಲಿಯಾಚೆ ಚರಂಡಿಯಾಯಿತು. ಖರ್ಚು ಹೆಚ್ಚಿತು, ಕಾರು ರಸ್ತೆಯಲ್ಲಿಯೇ ನಿಲ್ಲುವಂತಾಯಿತು. ಗೇಟಿನಿಂದ ಮೂರು ಮೆಟ್ಟಿಲು ಇಳಿದು, ಅಂಗಳ ದಾಟಿ, ಮತ್ತೆ ಐದು ಮೆಟ್ಟಿಲು ಹತ್ತಬೇಕೆಂದು ನೆಂಟರು ಇಂದಿಗೂ ಗೊಣಗುತ್ತಾರೆ.

ಈಗ ಆ ಮನೆಗೆ ನಾಲ್ಕನೆಯ ವರ್ಷ. ಬೆಳಿಗ್ಗೆ ಬಸದಿಗೆ ಹೊರಡುವಾಗ ತಾಯಿ ಅಂಗಳದಲ್ಲಿ ಒಂದು ಕ್ಷಣ ನಿಂತು, ಹಲಸಿನ ತುದಿಯ ಕೊಂಬೆಗಳನ್ನು ತಲೆಯೆತ್ತಿ ನೋಡುತ್ತಾರೆ.