ಮೂವತ್ತಾದರೆ ಸಾಕು

ಬಸವೇಶ್ವರನಗರದ ಮನೇಲಿ ಕೂತು ಕಂಪ್ಯೂಟರಿನಲ್ಲೇ ಕೆಂಪೇಗೌಡ ಏರ್‌ಪೋರ್ಟಿಗೆ ವಿಮಾನ ಇಳಿಸೋ ನಮ್ಮಂಥವರಿಗೆ ಒಂದೇ ಕಾಟ: ಮೇಲೆ 60 ಎಫ್‌ಪಿಎಸ್ ಕೊಡೋ ಸಿಮ್ಯುಲೇಟರ್, ರನ್‌ವೇ ಹತ್ತಿರ 40ಕ್ಕೆ ಬಿದ್ದು ಮುಗ್ಗರಿಸುತ್ತೆ. ತಕ್ಷಣ ಹೊಸ ಗ್ರಾಫಿಕ್ಸ್ ಕಾರ್ಡಿಗೆ ಇಎಂಐ ಲೆಕ್ಕ ಶುರು.

ಸ್ವಲ್ಪ ತಡೀರಿ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನ ಡೆವಲಪರ್ ಮೋಡ್‌ನಲ್ಲಿ ಎಫ್‌ಪಿಎಸ್ ನೋಡಿ. ‘ಮೇನ್‌ಥ್ರೆಡ್’ ಅಂತ ತೋರಿಸಿದರೆ ಏದುಸಿರು ಬಿಡ್ತಿರೋದು ಸಿಪಿಯು, ಕಾರ್ಡಲ್ಲ. ಎತ್ತು ಸೋತರೆ ಬಂಡಿಗೆ ಬಣ್ಣ ಹೊಡೆದು ಏನು ಪ್ರಯೋಜನ?

ಟ್ರಾಫಿಕ್, ಟೆರೈನ್ ಡೀಟೇಲ್ ಇಳಿಸಿ. ವಿಸಿಂಕ್ ಹಾಕಿ 30ಕ್ಕೆ ಲಾಕ್ ಮಾಡಿ. 60 ಹರ್ಟ್ಜ್ ಮಾನಿಟರ್ ಆಗ ಪ್ರತಿ ಚಿತ್ರವನ್ನೂ ತಪ್ಪದೆ ಎರಡು ಸಲ ತೋರಿಸುತ್ತೆ. 40ರಲ್ಲಾದರೆ ಒಂದನ್ನು ಒಮ್ಮೆ, ಇನ್ನೊಂದನ್ನು ಎರಡು ಸಲ. ಆ ಕುಂಟೇ ನಮಗೆ ಕಾಣೋದು. ಕಣ್ಣು ಎಣಿಸಲ್ಲ, ಲಯ ನೋಡುತ್ತೆ.

ನನ್ನ ಹಳೇ ಕಾರ್ಡ್ ಇನ್ನೂ ಹಾರಿಸ್ತಿದೆ. ಉಳಿದ ದುಡ್ಡಲ್ಲಿ ಊರಿನ ಬೋರ್‌ವೆಲ್ ಮೋಟಾರ್ ರಿಪೇರಿಯಾಯ್ತು.