ಆಲ್ಫಾ ಅಲ್ಲ, ಅಪ್ಪ

ನಮ್ಮ ಆಫೀಸಲ್ಲಿ ತೋಳಕ್ಕೆ ಭಾರೀ ಮರ್ಯಾದೆ. ಜೋರು ದನಿಯ ಮ್ಯಾನೇಜರ್ ಆದ್ರೆ ‘ಆಲ್ಫಾ’, ಊಟಕ್ಕೆ ಒಬ್ಬನೇ ಹೋಗೋನು ‘ಲೋನ್ ವುಲ್ಫ್’. ಕಳೆದ ಅಪ್ರೈಸಲ್‌ನಲ್ಲಿ ನನಗೂ ಈ ಎರಡನೇ ಬಿರುದು ಸಿಕ್ತು. ಹೊಗಳಿಕೆಯೋ ಬೈಗುಳವೋ ಮೊದಲು ಗೊತ್ತಾಗಲಿಲ್ಲ, ಹೈಕ್ ಎಷ್ಟು ಅಂತ ನೋಡಿದ ಮೇಲೆ ಗೊತ್ತಾಯ್ತು ಬಿಡಿ. ನಾನು ಕೊಪ್ಪಳ ಜಿಲ್ಲೆಯವನು, ಕುರಿ ಕಾಯುವ ಮನೆತನದವನು. ತೋಳ ಅಂದ್ರೆ ಏನು ಅಂತ ಸ್ಲೈಡ್ ನೋಡಿ ಕಲಿಯುವ ಗತಿ ನನಗಿನ್ನೂ ಬಂದಿಲ್ಲ.

ಈ ಆಲ್ಫಾ ಕಥೆ ಹುಟ್ಟಿದ್ದೇ ಬೋನಿನಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ 1947ರಲ್ಲಿ ಒಂದು ಪ್ರಬಂಧ ಬರೆದರು. ಇಕ್ಕಟ್ಟಾದ ಜಾಗದಲ್ಲಿ ತೋಳಗಳು ಕಚ್ಚಾಡುತ್ತಿದ್ದವು, ಗೆದ್ದದ್ದು ಯಜಮಾನ ಆಗುತ್ತಿತ್ತು. ಪಿಜಿಯಲ್ಲಿ ಒಂದು ರೂಮಿಗೆ ಎಂಟು ಜನರನ್ನು ತುಂಬಿ, ಅವರ ಜಗಳ ನೋಡಿ ‘ಮನುಷ್ಯರ ಕುಟುಂಬ ಹೀಗಿರುತ್ತೆ’ ಅಂತ ಬರೆದಹಾಗೆ. ಅಮೆರಿಕದ ಡೇವಿಡ್ ಮೆಕ್ 1970ರಲ್ಲಿ ಬರೆದ ತೋಳದ ಪುಸ್ತಕದಿಂದ ಈ ಮಾತು ಇನ್ನಷ್ಟು ಹರಡಿತು. ಆಮೇಲೆ ಅದೇ ಮೆಕ್ ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಹಲವು ಬೇಸಿಗೆ ಕಾಡುತೋಳಗಳ ಪಕ್ಕದಲ್ಲೇ ಕೂತು ನೋಡಿದರು. ಅಲ್ಲಿ ಸಿಂಹಾಸನಕ್ಕೆ ಜಗಳವೇ ಇರಲಿಲ್ಲ. ಹಿಂಡು ಅಂದ್ರೆ ಅಪ್ಪ, ಅಮ್ಮ, ಈ ವರ್ಷದ ಮರಿಗಳು, ಹೋದ ವರ್ಷದ ಅಕ್ಕ ಅಣ್ಣಂದಿರು. ಆಲ್ಫಾ ಅಂತ ಹೆಸರಿಟ್ಟಿದ್ದು ಸುಮ್ಮನೆ ಅಪ್ಪ! 1999ರಲ್ಲಿ ಅವರೇ ಹಾಗಂತ ಬರೆದರು. ತಮ್ಮ ಹಳೇ ಪುಸ್ತಕ ಇನ್ನು ಅಚ್ಚು ಹಾಕಬೇಡಿ ಅಂತ ಪ್ರಕಾಶಕರಿಗೆ ಹೇಳ್ತಾನೇ ಬಂದರು, ಅದು ನಿಂತಿದ್ದು 2022ರಲ್ಲಿ. ಹಳೇ ಕೋಡನ್ನು ಪ್ರೊಡಕ್ಷನ್‌ನಿಂದ ತೆಗೆಸೋ ಕಷ್ಟ ಎಲ್ಲಾ ಕಡೆ ಒಂದೇ.

ಒಂಟಿ ತೋಳದ ಕಥೆಯೂ ಹೀಗೇ. ಒಂದರಿಂದ ಮೂರು ವರ್ಷದೊಳಗೆ ಮರಿಗಳು ಮನೆ ಬಿಡುತ್ತವೆ. ಜೊತೆ ಹುಡುಕಿಕೊಂಡು, ಖಾಲಿ ಜಾಗ ಹುಡುಕಿಕೊಂಡು ನೂರಾರು ಕಿಲೋಮೀಟರ್ ಹೋಗೋದೂ ಉಂಟು. ಏಕಾಂತ ಇಷ್ಟ ಅಂತಲ್ಲ, ಇನ್ನೂ ಮನೆ ಸಿಕ್ಕಿಲ್ಲ ಅಷ್ಟೇ. ಬೆಂಗಳೂರಿಗೆ ಬ್ಯಾಗ್ ಹಿಡಿದು ಬಂದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಎಲ್ಲಾ ತೋಳದ ಬದುಕೂ ಒಂದೇ ಥರ ಅಂತಲ್ಲ. ಎಲ್ಸ್‌ಮಿಯರ್‌ನ ಬಿಳಿ ತೋಳಗಳು ದೊಡ್ಡ ಕಸ್ತೂರಿ ಎತ್ತುಗಳನ್ನು ಹಿಂಡಾಗಿ ಬೆನ್ನಟ್ಟುತ್ತವೆ. ಇಥಿಯೋಪಿಯಾದ ಎತ್ತರದ ಬೆಟ್ಟಗಳಲ್ಲಿ ಕೆಂಪು ಬಣ್ಣದ ಬೇರೆಯೇ ಜಾತಿ ಇದೆ, ಜಗತ್ತಿನಲ್ಲಿ ಉಳಿದಿರೋದು ಸುಮಾರು 500. ಮಲಗೋದು, ಗಡಿ ಸುತ್ತೋದು ಎಲ್ಲರೂ ಒಟ್ಟಿಗೆ. ಊಟ ಮಾತ್ರ ಅವರವರದು, ಒಬ್ಬೊಬ್ಬರೇ ಹೋಗಿ ಇಲಿ ಹಿಡೀತಾರೆ. ನಮ್ಮ ಲಡಾಖ್, ಸ್ಪಿತಿಯ ತೋಳಕ್ಕೆ ದಪ್ಪ ಕೂದಲು, ಜೊತೆಗೆ ಆಮ್ಲಜನಕ ಕಮ್ಮಿ ಇರೋ ಎತ್ತರಕ್ಕೆ ಒಗ್ಗಿದ ಜೀನ್.

ಕೊಪ್ಪಳದ್ದು ಇವರೆಲ್ಲರ ಮುಂದೆ ಬಡಪಾಯಿ. ತೂಕ ಇಪ್ಪತ್ತು ಕೆಜಿ ಆಸುಪಾಸು, ತೆಳು ಕೂದಲು, ಉದ್ದ ಕಾಲು, ಒಣಹುಲ್ಲಿನದೇ ಬಣ್ಣ. ಹಿಂಡೂ ಸಣ್ಣದು. ಆದರೆ ಜೀನ್ ಅಧ್ಯಯನಗಳ ಪ್ರಕಾರ ಜಗತ್ತಿನ ತೋಳಗಳಲ್ಲೇ ತುಂಬಾ ಹಳೆಯ ಕವಲು ಇದು. ಇಡೀ ದೇಶದಲ್ಲಿ ಇರೋದು ಮೂರು ಸಾವಿರದ ಆಸುಪಾಸು ಅನ್ನೋದು ಅಂದಾಜು. ಹುಲಿಯಷ್ಟೂ ಇಲ್ಲ! ಹುಲಿ ಸಫಾರಿಗೆ ಸಾವಿರಾರು ರೂಪಾಯಿ ಕೊಡೋ ನಾವು ಇದಕ್ಕೆ ಕೊಟ್ಟಿದ್ದು ಒಂದು ಗಾದೆ: ತೋಳ ಹಳ್ಳಕ್ಕೆ ಬಿದ್ರೆ ಆಳಿಗೊಂದು ಕಲ್ಲು.

ಕಾಡಿನ ತೋಳ ಅಲ್ಲ ಇದು, ಬಯಲಿನದು. ಕುರುಚಲು ಗಿಡ, ಹುಲ್ಲುಗಾವಲು, ಕಲ್ಲುಗುಡ್ಡ ಇದರ ಮನೆ. ಮೊಲ, ಇದ್ದಲ್ಲಿ ಕೃಷ್ಣಮೃಗ, ಇಲ್ಲದಿದ್ದರೆ ಕುರಿ ಮೇಕೆ ಇದರ ಊಟ. ಬೇಟೆಯಾಡಿದ್ದನ್ನು ಹೊಟ್ಟೇಲಿ ಹೊತ್ತು ತಂದು, ಗುಹೆ ಮುಂದೆ ಕಕ್ಕಿ ಮರಿಗಳಿಗೆ ತಿನ್ನಿಸುತ್ತವೆ. ಅಪ್ಪ ಮಾತ್ರ ಅಲ್ಲ, ಅಕ್ಕ ಅಣ್ಣಂದಿರೂ. ಹಾಗೆ ಹೋದ ಮರಿಗಳಲ್ಲಿ ಎಷ್ಟೋ ನಮ್ಮ ಸೋದರಮಾವನ ಹಟ್ಟಿಯವು. ಬೇಜಾರಿಲ್ವಾ ಅಂತ ಕೇಳಿದ್ರೆ ಮಾವ ಕಂಬಳಿ ಕೊಡವಿ ಅಂತಾನೆ, “ಬೇಜಾರ್ ಯಾಕ್ ಇರಂಗಿಲ್ಲ? ಒಂದ್ ಮರಿ ರೊಕ್ಕ ಎಷ್ಟಂತ ಗೊತ್ತೈತೇನು? ಆದ್ರ ಅದಕ್ಕೂ ಹೊಟ್ಟಿ ಐತಲ್ಲೋ. ವರ್ಷಕ್ಕ ಒಂದೆರಡು ಅದರ ಪಾಲು.” ಎಲ್ಲಾ ಕುರಿಗಾಹಿಗಳೂ ಇಷ್ಟು ಧಾರಾಳಿಗಳು ಅಂತ ನಾನು ಹೇಳಲ್ಲ. ಸತ್ತ ಕುರಿಗೆ ವಿಷ ಹಾಕಿಡೋರೂ ಇದ್ದಾರೆ. ಇಡೀ ವರ್ಷದ ದುಡಿಮೆ ಒಂದೇ ರಾತ್ರಿ ಹೋದ್ರೆ ಸಿಟ್ಟು ಬರದೇ ಇರುತ್ತಾ?

ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಈಗ 332 ಎಕರೆಯ ತೋಳಧಾಮ ಇದೆ. 2025ರ ಆರಂಭದಲ್ಲಿ ಅಲ್ಲಿ ಒಂದು ತೋಳ ಎಂಟು ಮರಿ ಹಾಕಿದೆ ಅಂತ ಸುದ್ದಿ ಬಂದಾಗ ಮಾವನಿಗೆ ವಾಟ್ಸಾಪ್ ಮಾಡಿದೆ. “ಎಂಟಾ? ಯವ್ವಾ, ಅವಕ್ಕ ಊಟಕ್ಕ ಹಾಕೋರ್ಯಾರು?” ಅಂತ ವಾಯ್ಸ್ ನೋಟ್ ಬಂತು. ತಮಾಷೆಗೆ ಅಂದಿದ್ದಾದರೂ ಲೆಕ್ಕ ಸರಿಯೇ. 332 ಎಕರೆ ಅಂದ್ರೆ ಒಂದೂವರೆ ಚದರ ಕಿಲೋಮೀಟರೂ ಇಲ್ಲ. ಒಂದು ತೋಳದ ಕುಟುಂಬ ಸುತ್ತೋ ಜಾಗ ನೂರು ಚದರ ಕಿಲೋಮೀಟರ್ ದಾಟಬಹುದು. ಮಿಕ್ಕಿದ್ದೆಲ್ಲ ಮಾವನಂಥವರ ಬಯಲೇ.

ಆ ಬಯಲಿಗೆ ದಾಖಲೆಗಳಲ್ಲಿ ಎಷ್ಟೋ ಕಡೆ ‘ಬಂಜರು’ ಅನ್ನೋ ಹೆಸರು. ಹುಲ್ಲಿದ್ದರೂ, ಮೊಲವಿದ್ದರೂ, ಸಾವಿರ ಕುರಿ ಮೇಯ್ದರೂ ಬಂಜರೇ. ಬಂಜರು ಅಂದಮೇಲೆ ಅಲ್ಲಿ ಏನು ಬೇಕಾದರೂ ಕಟ್ಟಬಹುದು. ಮಾವ ಮೇಯಿಸುತ್ತಿದ್ದ ಗುಡ್ಡದ ಒಂದು ಮಗ್ಗುಲಿಗೆ ಹೋದ ವರ್ಷ ಬೇಲಿ ಬಿತ್ತು, ಒಳಗೆ ಸಾಲುಸಾಲು ಸೋಲಾರ್ ಹಲಗೆ. ನನ್ನ ಲ್ಯಾಪ್‌ಟಾಪಿಗೂ ಕರೆಂಟ್ ಬೇಕು, ಹಾಗಾಗಿ ಕಂಪನಿಯನ್ನು ಬೈಯೋಕೆ ಬಾಯಿ ಬರಲ್ಲ. ಮಾವ ಈಗ ನೀರಿಗೆ ಎರಡು ಮೈಲಿ ಸುತ್ತು ಹಾಕ್ತಾನೆ. ಬೇಲಿ ಮಗ್ಗುಲಲ್ಲಿ ಬೆಳಗಿನ ಜಾವ ತೋಳದ ಹೆಜ್ಜೆ ಕಂಡೆ, ಅದೂ ಸುತ್ತು ಹಾಕಿಯೇ ಹೋಗಿತ್ತು ಅಂದ.

ಯುಗಾದಿ ಕಳೆದ ಮೇಲೆ ಅರ್ಧ ಕುರಿ ಮಾರೋ ಲೆಕ್ಕದಲ್ಲಿದ್ದಾನೆ. ತೋಳದ ಕಾಟಕ್ಕಲ್ಲ, ಮೇಯಿಸೋಕೆ ಜಾಗ ಇಲ್ಲ ಅಂತ.