ಮೇಲುಕೋಟೆಯಲ್ಲಿ ಎರಡು ದಿನ

ಶನಿವಾರ ಬಂತೆಂದರೆ ನಗರವಾಸಿಗಳಿಗೆ ಊರು ಬಿಡುವ ಆತುರ. ಹೇಮಗಿರಿಯ ಸಮೀಪದ ಒಂದು ಹಳ್ಳಿಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕು ಪಾಠ ಹೇಳಿ, ಕಳೆದ ವರ್ಷ ನಿವೃತ್ತರಾಗಿ, ಮೈಸೂರಿನಲ್ಲಿ ನೆಲೆಸಿರುವ ನಮಗೆ ಈ ಆತುರವು ಹೊಸದು. ಹಳ್ಳಿಯಲ್ಲಿ ಭಾನುವಾರವೂ ಹಸು ಕರೆಯಬೇಕು, ಭಾನುವಾರವೂ ಗದ್ದೆಗೆ ನೀರು ಕಟ್ಟಬೇಕು. ಕಳೆದ ಕಾರ್ತಿಕ ಮಾಸದಲ್ಲಿ ನಮ್ಮ ಮಗನು ತನ್ನ ಮಗಳನ್ನು ಕರೆದುಕೊಂಡು ಬೆಂಗಳೂರಿನಿಂದ ಬಂದವನು, "ಅಪ್ಪ, ಎರಡು ದಿನ ಎಲ್ಲಿಗಾದರೂ ಹೋಗಿಬರೋಣ" ಎಂದು ಊಟಿ, ಮಡಿಕೇರಿಗಳ ಹೆಸರನ್ನೆತ್ತಿದನು. ಆಗ ಅಡಿಗೆಮನೆಯಿಂದ ನಮ್ಮ ಗೃಹಿಣಿಯು, "ನಾನು ಮೇಲುಕೋಟೆಯನ್ನೇ ನೋಡಿಲ್ಲವಲ್ಲ" ಎಂದಳು.

ಮಗನು ನಕ್ಕನು, ನಮಗೆ ಮಾತ್ರ ನಗು ಬರಲಿಲ್ಲ. ಆ ಮಾತು ಅಕ್ಷರಶಃ ನಿಜವಾಗಿತ್ತು. ನಾವು ಪ್ರತಿವರ್ಷವೂ ಮಕ್ಕಳನ್ನು ಮೇಲುಕೋಟೆಗೆ ಪ್ರವಾಸ ಕರೆದೊಯ್ಯುತ್ತಿದ್ದೆವು. ಆ ದಿನ ಆಕೆ ಬೆಳಗಿನ ನಾಲ್ಕಕ್ಕೇ ಎದ್ದು, ನಲವತ್ತು ಮಕ್ಕಳಿಗಾಗುವಷ್ಟು ಪುಳಿಯೋಗರೆಯನ್ನು ಕಲಸಿ, ಬಾಳೆಯೆಲೆ ಮುಚ್ಚಿ, ಬಾಗಿಲವರೆಗೆ ಬಂದು ಕಳುಹಿಸಿ ಒಳಕ್ಕೆ ಹೋಗುತ್ತಿದ್ದಳು. ಹಾಸಿಗೆ ಹಿಡಿದ ನಮ್ಮ ತಾಯಿಯವರ ಆರೈಕೆ ಆಕೆಯದು; ಕೊಟ್ಟಿಗೆಯ ಹಸುವೂ ಆಕೆಯದು. ವೈರಮುಡಿಗಾದರೂ ಹೋಗೋಣವೆಂದರೆ ಅದು ಫಾಲ್ಗುಣ ಮಾಸದಲ್ಲಿ, ಸರಿಯಾಗಿ ಪರೀಕ್ಷೆಯ ಕಾಲಕ್ಕೆ ಬರತಕ್ಕದ್ದು. "ಮುಂದಿನ ವರ್ಷ ನೋಡೋಣ" ಎಂದು ನಾವು ಎಷ್ಟು ಸಲ ಹೇಳಿದೆವೋ ಲೆಕ್ಕವಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ತರಗತಿಯಲ್ಲಿ ವಿವರಿಸಿದವರು ನಾವೇ. ಅದು ನಮ್ಮ ಮನೆಯ ಮಾತೆಂದು ತಿಳಿಯಲಿಲ್ಲ.

ಮೈಸೂರಿನಿಂದ ಮೇಲುಕೋಟೆಗೆ ಸುಮಾರು ೫೦ ಕಿಲೋಮೀಟರು. ಶನಿವಾರ ಬೆಳಿಗ್ಗೆ ಮಗನ ಕಾರಿನಲ್ಲಿ ಹೊರಟು, ಶ್ರೀರಂಗಪಟ್ಟಣವನ್ನೂ ಪಾಂಡವಪುರವನ್ನೂ ದಾಟಿ, ಜಕ್ಕನಹಳ್ಳಿಯಲ್ಲಿ ತಿರುಗಿದೆವು. ಕಬ್ಬಿನ ಗದ್ದೆಗಳು ಹಿಂದುಳಿದು, ಬಂಡೆಗಳೂ ಕುರುಚಲು ಕಾಡೂ ಎದುರಾದವು. ಈ ಕಾಡನ್ನು ೧೯೭೪ರಲ್ಲಿ ವನ್ಯಜೀವಿಧಾಮವೆಂದು ಸಾರಿದ್ದಾರೆ; ತೋಳಗಳ ರಕ್ಷಣೆಯೇ ಅದರ ಮುಖ್ಯ ಉದ್ದೇಶ. ಯಾದವಗಿರಿ, ತಿರುನಾರಾಯಣಪುರ ಎಂಬ ಹೆಸರುಗಳೂ ಮೇಲುಕೋಟೆಗೆ ಉಂಟು. ೧೨ನೆಯ ಶತಮಾನದಲ್ಲಿ ಶ್ರೀರಾಮಾನುಜಾಚಾರ್ಯರು ಇಲ್ಲಿಗೆ ಬಂದು ಹನ್ನೆರಡು ವರ್ಷ ನೆಲೆಸಿದ್ದರೆಂದು ಸಂಪ್ರದಾಯವು ಹೇಳುತ್ತದೆ. ೧೮೫೪ರಲ್ಲಿ ಸ್ಥಾಪಿತವಾದ ಸಂಸ್ಕೃತ ಪಾಠಶಾಲೆಯು ಇಲ್ಲಿಯದು, ಕವಿ ಪು.ತಿ. ನರಸಿಂಹಾಚಾರ್ಯರು ೧೯೦೫ರಲ್ಲಿ ಹುಟ್ಟಿದ್ದೂ ಇಲ್ಲಿಯೇ. ಇವೆಲ್ಲವನ್ನೂ ನಾವು ದಾರಿಯುದ್ದಕ್ಕೂ ಮೊಮ್ಮಗಳಿಗೆ ಹೇಳುತ್ತ ಬಂದೆವು. ಗೃಹಿಣಿಯು ಕಿಟಕಿಯಾಚೆ ನೋಡುತ್ತ ಸುಮ್ಮನಿದ್ದಳು.

ಛತ್ರದಲ್ಲಿ ಗಂಟುಮೂಟೆಗಳನ್ನಿರಿಸಿ, ಬಿಸಿಲೇರುವ ಮೊದಲೇ ಯೋಗಾನರಸಿಂಹಸ್ವಾಮಿಯ ಬೆಟ್ಟವನ್ನು ಹತ್ತಲಾರಂಭಿಸಿದೆವು. ಮೆಟ್ಟಿಲುಗಳು ಮುನ್ನೂರಕ್ಕೂ ಹೆಚ್ಚು. ಮೊಮ್ಮಗಳು ಓಡಿದಳು, ಮಗನು ಅವಳ ಹಿಂದೆ ಓಡಿದನು. ನಮ್ಮ ಗೃಹಿಣಿಯು ಒಂದೊಂದು ಮೆಟ್ಟಿಲಿಗೂ ಎರಡು ಕಾಲುಗಳನ್ನು ಕೂಡಿಸಿಟ್ಟು ಹತ್ತುತ್ತಿದ್ದಳು. ಆಕೆಗೆ ಮಂಡಿನೋವು ಬಂದು ಐದು ವರ್ಷವಾಯಿತು. ನಡುದಾರಿಯಲ್ಲಿ ಒಂದು ನೆರಳು ಕಂಡೊಡನೆ ಕುಳಿತುಬಿಟ್ಟು, "ಇನ್ನಾಗದು. ನೀವು ಹೋಗಿಬನ್ನಿ, ನಿಮಗೆ ಅಭ್ಯಾಸವಾದ ದಾರಿ" ಎಂದಳು.

ಆ ಮಾತಿನಲ್ಲಿ ಕೊಂಕಿರಲಿಲ್ಲ. ಆದರೂ ಅದು ನಮಗೆ ನಾಟಿತು. ಹತ್ತು ವರ್ಷದ ಹಿಂದೆ ಬಂದಿದ್ದರೆ ಆಕೆ ನಮಗಿಂತ ಮೊದಲು ಶಿಖರದಲ್ಲಿರುತ್ತಿದ್ದಳು. ನಾವೂ ಅಲ್ಲಿಯೇ ಕುಳಿತೆವು. ಮೂವತ್ತು ಸಲ ಹತ್ತಿದ ಬೆಟ್ಟದ ನಡುವೆ ನಾವು ಒಮ್ಮೆಯೂ ಕುಳಿತಿರಲಿಲ್ಲ. ಮಕ್ಕಳನ್ನು ಎಣಿಸುವುದರಲ್ಲಿಯೇ ಕಾಲ ಹೋಗುತ್ತಿತ್ತು. ಕೆಳಗೆ ಕಲ್ಯಾಣಿಯ ಚೌಕವಾದ ನೀರು, ಸುತ್ತಲೂ ಮಂಟಪಗಳು, ಅದರಾಚೆ ಚೆಲುವನಾರಾಯಣನ ಗುಡಿಯ ಗೋಪುರ, ಹಂಚಿನ ಮನೆಗಳ ಸಾಲು.

ನಾವು ಅಭ್ಯಾಸಬಲದಿಂದ, "ಅದೋ ಕಲ್ಯಾಣಿ" ಎಂದು ಪಾಠವನ್ನಾರಂಭಿಸಿದೆವು. ಆಕೆ ನಡುವೆಯೇ ತಡೆದು, "ಮಕ್ಕಳನ್ನು ಊಟಕ್ಕೆ ಎಲ್ಲಿ ಕೂರಿಸುತ್ತಿದ್ದಿರಿ?" ಎಂದು ಕೇಳಿದಳು. ನಾವು ಕೊಳದ ಅಂಚಿನ ಮಂಟಪವೊಂದನ್ನು ತೋರಿಸಿದೆವು. "ಪುಳಿಯೋಗರೆ ಎಲ್ಲರಿಗೂ ಸಾಕಾಗುತ್ತಿತ್ತೆ?"

ವಾಚಕರೇ, ಈ ಪ್ರಶ್ನೆಗೆ ನಮ್ಮಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ಸಾಕಾಗುತ್ತಿತ್ತು, ಎರಡನೆಯ ಸಲ ಬೇಡಿದ ಮಕ್ಕಳೂ ಇದ್ದರು, ಕೋತಿಗಳ ಪಾಲಾದದ್ದೂ ಉಂಟು. ಆದರೆ ರಾತ್ರಿ ಮನೆಗೆ ಹಿಂದಿರುಗಿ, ಬರಿದಾದ ಪಾತ್ರೆಯನ್ನು ಆಕೆಯ ಮುಂದಿಟ್ಟು, "ಚೆನ್ನಾಗಿತ್ತು, ಮಕ್ಕಳು ಮೆಚ್ಚಿ ಉಂಡರು" ಎಂದು ಒಂದು ಸಲವಾದರೂ ಹೇಳಿದ ನೆನಪು ನಮಗೆ ಬರಲಿಲ್ಲ. ಅದನ್ನು ಅಂದು ಬೆಟ್ಟದ ನಡುದಾರಿಯಲ್ಲಿ ಹೇಳಿದೆವು. ಆಕೆ, "ಸದ್ಯ! ಉಪ್ಪು ಹೆಚ್ಚಾಯಿತೇನೋ ಎಂದು ಪ್ರತಿಸಲವೂ ಅಂದುಕೊಳ್ಳುತ್ತಿದ್ದೆ" ಎಂದಳು.

ಮಗನೂ ಮೊಮ್ಮಗಳೂ ಪ್ರಸಾದ ತಂದ ಮೇಲೆ ಎಲ್ಲರೂ ಕೆಳಗಿಳಿದು ಆ ಮಂಟಪಕ್ಕೆ ಹೋದೆವು. ಆಕೆ ಕಂಬಕ್ಕೊರಗಿ ಬಹಳ ಹೊತ್ತು ಕುಳಿತಳು. ಮೊಮ್ಮಗಳು, "ಅಜ್ಜಿ, ಇಲ್ಲಿ ಏನು ನೋಡುತ್ತಿದ್ದೀರಿ?" ಎಂದದ್ದಕ್ಕೆ, "ನಿಮ್ಮ ತಾತನ ಮಕ್ಕಳು ಊಟ ಮಾಡುತ್ತಿದ್ದ ಜಾಗ" ಎಂದಳು.

ಸಂಜೆ ಚೆಲುವನಾರಾಯಣನ ದರ್ಶನವಾಯಿತು. ಮರುದಿನ ಬೆಳಿಗ್ಗೆ, ಪೂರ್ತಿಯಾಗದೆ ನಿಂತ ರಾಯಗೋಪುರದ ಎತ್ತರವಾದ ಕಂಬಗಳನ್ನೂ, ಒಂದರ ನೀರು ಕುಡಿಯಲು ಬರುವ, ಇನ್ನೊಂದರದು ಬಾರದ ಅಕ್ಕತಂಗಿಯರ ಕೊಳಗಳನ್ನೂ ನೋಡಿದೆವು. ಇವಕ್ಕೆ ಬೆಟ್ಟ ಹತ್ತಬೇಕಾದ್ದಿಲ್ಲ. ಮಂಡಿನೋವಿನವರೂ ನಿಧಾನವಾಗಿ ನಡೆದು ನೋಡಬಹುದು. ವೃದ್ಧರನ್ನು ಕರೆದೊಯ್ಯುವವರು ವೈರಮುಡಿಯ ಜನಸಂದಣಿಯನ್ನು ತಪ್ಪಿಸಿ ಇಂತಹ ತಂಪಿನ ದಿನಗಳಲ್ಲಿ ಹೋಗುವುದು ಲೇಸು.

ಹಿಂದಿರುಗುವಾಗ ಗೃಹಿಣಿಯ ಇಚ್ಛೆಯಂತೆ ಕೃಷ್ಣರಾಜಪೇಟೆಯ ಮಾರ್ಗವಾಗಿ ಹೇಮಗಿರಿಗೆ ಹೋದೆವು. ಬಲ್ಲಾಳರಾಯನದುರ್ಗದ ಬಳಿ ಹುಟ್ಟಿ, ಗೊರೂರಿನ ಅಣೆಕಟ್ಟೆಯನ್ನು ದಾಟಿ ಬರುವ ಹೇಮಾವತಿಯು ಇಲ್ಲಿನ ಅಣೆಯ ಮೇಲೆ ಬೆಳ್ಳಗೆ ಧುಮುಕಿ, ಮುಂದೆ ಕಾವೇರಿಯನ್ನು ಕೂಡಲು ಹೋಗುತ್ತಾಳೆ. ರಥಸಪ್ತಮಿಯ ದನಗಳ ಜಾತ್ರೆಗೆ ಇನ್ನೂ ಕಾಲವಿದ್ದುದರಿಂದ ಬಯಲು ಬರಿದಾಗಿತ್ತು. ಆಕೆ ದಡದ ಕಲ್ಲಿನ ಮೇಲೆ ಕುಳಿತು ನೋಯುವ ಕಾಲುಗಳನ್ನು ನೀರಿಗಿಳಿಬಿಟ್ಟು, "ಆ ಅಕ್ಕಿಯನ್ನೆಲ್ಲ ತೊಳೆದದ್ದು ಈ ನೀರಿನಲ್ಲೇ" ಎಂದಳು.

ನಾವು ಸಂಸ್ಕೃತ ಕಲಿತವರು. 'ವಸ್' ಎಂಬ ಒಂದೇ ಧಾತುವಿನಿಂದ ಪ್ರವಾಸವೂ ಹುಟ್ಟಿತು, ಸಹವಾಸವೂ ಹುಟ್ಟಿತು ಎಂದು ಬಲ್ಲೆವು. ಮೇಲುಕೋಟೆಗೆ ಮೂವತ್ತು ಪ್ರವಾಸಗಳನ್ನು ಮಾಡಿದ ನಮಗೆ ಸಹವಾಸವು ಮೊದಲ ಬಾರಿಗೆ ದೊರೆತದ್ದು ಈ ಎರಡು ದಿನಗಳಲ್ಲಿ. ದೂರದ ಊರು ಹಣವನ್ನು ಕೇಳುತ್ತದೆ. ಕೂಡಿಟ್ಟರೆ ಅದು ಎಂದಾದರೂ ಒದಗೀತು. ಹತ್ತಿರದ ಊರು ಕೇಳುವುದು ಕಾಲಿನ ಶಕ್ತಿಯನ್ನು ಮಾತ್ರ, ಅದನ್ನು ಕೂಡಿಡಲಾಗದು. ಆದುದರಿಂದ ಗೃಹಸ್ಥರಾದ ವಾಚಕರು ತಮ್ಮ ಮನೆಯಲ್ಲಿಯೂ, ಹತ್ತಿರದ ಯಾವ ಊರನ್ನು ಯಾರು ನೋಡಿಲ್ಲವೆಂದು ಒಮ್ಮೆ ವಿಚಾರಿಸಿಕೊಳ್ಳುವುದೊಳ್ಳೆಯದು.

ನಾವೂ ವಿಚಾರಿಸಿದೆವು. ಕೃಷ್ಣರಾಜಪೇಟೆಯ ಮಗ್ಗುಲಲ್ಲಿಯೇ ಇರುವ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯವನ್ನೂ ಆಕೆ ನೋಡಿಲ್ಲವಂತೆ. ಅಲ್ಲಿಗೆ ಮುಂದಿನ ಶನಿವಾರವೇ ಹೊರಡತಕ್ಕದ್ದೆಂದು ನಿಶ್ಚಯಿಸಿದೆವು.